ಬ್ರಿಗೇಡಿಯರ್ ಸಾಹೇಬರ ಕೋಟೆ ನಡಿಗೆ: ಶ್ರೀರಂಗಪಟ್ಟಣಕ್ಕೆ ಹೋಗುವವರು ಇದನ್ನು ಬಿಡಬೇಡಿ

ಶ್ರೀರಂಗಪಟ್ಟಣದಲ್ಲಿ ಗೈಡುಗಳಿಗೇನೂ ಬರವಿಲ್ಲ. ಗುಂಬಜ್, ದರಿಯಾ ದೌಲತ್, ರಂಗನಾಥಸ್ವಾಮಿ ದೇವಸ್ಥಾನ ಅಂತ ಎರಡು ಗಂಟೆಯಲ್ಲಿ ಸುತ್ತಿಸಿ ಬಿಡುತ್ತಾರೆ. ನಾನು ಹೇಳುತ್ತಿರುವ ನಡಿಗೆ ಆ ಥರದ್ದಲ್ಲ. ಸೇನೆಯ ಎಂಜಿನಿಯರ್ ದಳದಲ್ಲಿ ಬ್ರಿಗೇಡಿಯರ್ ಆಗಿ ನಿವೃತ್ತರಾದವರೊಬ್ಬರು ಇದನ್ನು ಭಾನುವಾರ ಬೆಳಿಗ್ಗೆ ನಡೆಸುತ್ತಾರೆ. ಹತ್ತು ಹನ್ನೆರಡು ಜನಕ್ಕಿಂತ ಜಾಸ್ತಿ ಸೇರಿಸುವುದಿಲ್ಲ. ದೊಡ್ಡವರಿಗೆ 500 ರೂಪಾಯಿ, ಓದುವ ಮಕ್ಕಳಿಗೆ 200. ಹೆಸರು, ನಂಬರ್ ಎಲ್ಲೂ ಹಾಕಬೇಡಿ ಅಂತ ಅವರೇ ಕೇಳಿಕೊಂಡರು. ಪಟ್ಟಣದ ಹೋಂಸ್ಟೇಗಳಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ.

ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನುವುದು ಚಿಕ್ಕ ಮಾತಾಯಿತು. ಕೋಟೆ, ಸೇತುವೆ, ರಸ್ತೆ ಅನ್ನುವುದೆಲ್ಲ ಯಾರೋ ಒಬ್ಬರು ಮೊದಲು ಹೋಗಿ, ಅಳೆದು, ಹೊತ್ತು, ಕಟ್ಟಿದ್ದು ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸಿಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ನಾನು ಮಂಡ್ಯದಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಸೈಟ್ ಎಂಜಿನಿಯರ್. ಡಿಪ್ಲೊಮಾ ಸಿವಿಲ್. ಮೋರಿ, ಚಿಕ್ಕ ಸೇತುವೆ, ನಾಲೆ ಏರಿ ಮೇಲಿನ ರಸ್ತೆ, ಇವೇ ನನ್ನ ದಿನದ ಕೆಲಸ. ಜೊತೆಗೆ ತಮ್ಮನ ಮಗ ಬಂದಿದ್ದ. ಸೆಕೆಂಡ್ ಪಿಯುಸಿ ಓದುತ್ತಿದ್ದಾನೆ, ಎನ್‌ಡಿಎ (ಸೇನಾಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ) ಪರೀಕ್ಷೆ ಬರೆಯಬೇಕು ಅಂತ ಹಟ ಹಿಡಿದಿದ್ದಾನೆ. ಅವನಿಗೆ ಅಂತ ಹೋದದ್ದು, ಜಾಸ್ತಿ ಪ್ರಶ್ನೆ ಕೇಳಿದ್ದು ನಾನೇ.

ಬೆಳಿಗ್ಗೆ ಆರೂವರೆಗೆ ಶುರು. ಸಾಹೇಬರು ಮಂಡ್ಯ ಜಿಲ್ಲೆಯವರೇ. ತಂದೆ ನಾಲೆಯಲ್ಲಿ ನೀರುಗಂಟಿಯಾಗಿದ್ದರಂತೆ. ಮಾತೆಲ್ಲ ನಮ್ಮ ಕಡೆಯದೇ, 'ಬನ್ರಪ್ಪಾ, ಈ ಕಡೆ ನೋಡಿ' ಅನ್ನುವ ಧಾಟಿ. ಮೊದಲು ಕರೆದುಕೊಂಡು ಹೋಗುವುದು ಕೋಟೆಯ ಪಶ್ಚಿಮ ಮೂಲೆಗೆ. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಗೋಡೆ ಒಡೆದು ನುಗ್ಗಿದ ಜಾಗ ಅದು. ಅಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1907ರಲ್ಲಿ, ನಿಲ್ಲಿಸಿದ ಸ್ಮಾರಕ ಕಂಬ ಇದೆ. ಬೇರೆ ಗೈಡುಗಳಾದರೆ ಕಂಬದ ಮುಂದೆ ಫೋಟೋ ತೆಗೆಸಿ ಮುಂದೆ ನಡೆಸುತ್ತಾರೆ. ಇವರು ಕಂಬಕ್ಕೆ ಬೆನ್ನು ಹಾಕಿ, ಹೊಳೆಯ ಕಡೆ ತಿರುಗಿ ನಿಲ್ಲಿಸಿದರು.

'ಈಗ ನೀವೇ ಆ ಕಡೆ ದಡದಲ್ಲಿ ಇದ್ದೀರಿ ಅಂದುಕೊಳ್ಳಿ. ಎದುರಿಗೆ ಕೋಟೆ, ನಡುವೆ ಕಾವೇರಿ. ನಿಮ್ಮ ಜನರಲ್ ಕೇಳುತ್ತಾನೆ: ಹೊಳೆ ಎಷ್ಟು ಅಗಲ ಇದೆ? ಏನು ಹೇಳುತ್ತೀರಿ?'

ಎಲ್ಲರೂ ಅಂದಾಜಿಗೆ ಒಂದೊಂದು ಹೇಳಿದರು. ಅವರು ಒಪ್ಪಲಿಲ್ಲ. ಚೀಲದಿಂದ ಎರಡು ಕೋಲು ತೆಗೆದು ನಮ್ಮ ಹುಡುಗನ ಕೈಗೆ ಕೊಟ್ಟರು. ಆಚೆ ದಡದಲ್ಲಿ ಒಂದು ಮರ ಗುರುತು ಮಾಡಿಕೋ. ಅದಕ್ಕೆ ನೇರ ಎದುರಾಗಿ ಈ ದಡದಲ್ಲಿ ನಿಂತು ಒಂದು ಕೋಲು ನೆಡು. ಅಲ್ಲಿಂದ ದಡದ ಗುಂಟ ನಲವತ್ತು ಹೆಜ್ಜೆ ನಡೆದು ಇನ್ನೊಂದು ಕೋಲು ನೆಡು. ಅದೇ ದಿಕ್ಕಿನಲ್ಲಿ ಇನ್ನೂ ಇಪ್ಪತ್ತು ಹೆಜ್ಜೆ ಹೋಗು. ಈಗ ಹೊಳೆಗೆ ಬೆನ್ನು ಹಾಕಿ ನೇರವಾಗಿ ಒಳಕ್ಕೆ ನಡಿ, ಆಗಾಗ ತಿರುಗಿ ನೋಡು. ಎರಡನೇ ಕೋಲು ಆಚೆ ದಡದ ಮರವನ್ನು ಮುಚ್ಚಿದ ಜಾಗದಲ್ಲಿ ನಿಲ್ಲು. ದಡದಿಂದ ಅಲ್ಲಿಗೆ ಎಷ್ಟು ಹೆಜ್ಜೆ ಬಂತೋ ಅದರ ಎರಡರಷ್ಟು ಹೊಳೆಯ ಅಗಲ.

ಹೈಸ್ಕೂಲಿನಲ್ಲಿ ಓದಿದ ಸಮರೂಪ ತ್ರಿಕೋನ ಅಷ್ಟೇ. ನಾನು ದಿನಾ ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರ ಇಟ್ಟುಕೊಂಡು ಅಳೆಯುವವಳು. ಆದರೂ ಹುಡುಗ ಪೊದೆಗಳ ನಡುವೆ ಹೆಜ್ಜೆ ಎಣಿಸುತ್ತಾ, ಕುತ್ತಿಗೆ ತಿರುಗಿಸಿ ತಿರುಗಿಸಿ ಮರ ನೋಡುತ್ತಾ ಹೋದಾಗ ನನಗೇ ಕುತೂಹಲ ಹುಟ್ಟಿತು. ಎರಡನೇ ಸಲ ಇನ್ನೊಬ್ಬರ ಕೈಲಿ ಅಳೆಸಿದರು. ಎರಡು ಲೆಕ್ಕಕ್ಕೂ ಸ್ವಲ್ಪವೇ ವ್ಯತ್ಯಾಸ ಬಂತು. 'ಲೆಫ್ಟಿನೆಂಟ್ ಆಗಿ ಸೇರಿದವನಿಗೆ ಮೊದಲು ಕೊಡುವ ಕೆಲಸ ಇಂಥದ್ದು. ಹೋಗು, ಅಳೆದುಕೊಂಡು ಬಾ. ಅವನು ತಂದ ಲೆಕ್ಕ ತಪ್ಪಾದರೆ ಸೇತುವೆ ದಡ ಮುಟ್ಟುವುದಿಲ್ಲ' ಅಂದರು. ರಾತ್ರಿ ಹೊತ್ತು, ಟಾರ್ಚ್ ಹಾಕದೆ, ಸದ್ದಿಲ್ಲದೆ ಅಳೆಯುವುದನ್ನೂ ಕಲಿಸುತ್ತಾರಂತೆ.

ಮೇ ತಿಂಗಳು ಯಾಕೆ ಅನ್ನುವುದನ್ನೂ ಅಲ್ಲೇ ಬಿಡಿಸಿ ಹೇಳಿದರು. ಜೂನ್ ಬಂದರೆ ಕೊಡಗಿನಲ್ಲಿ ಮಳೆ, ಹೊಳೆ ತುಂಬುತ್ತದೆ. ಆಮೇಲೆ ದಾಟುವ ಮಾತೇ ಇಲ್ಲ. ಆಗ ಕೆಆರ್‌ಎಸ್ ಎಲ್ಲಿತ್ತು? ಗೋಡೆ ಒಡೆಯುವ ಫಿರಂಗಿಗಳನ್ನು ಎಲ್ಲಿ ಇಡಬೇಕು, ಕಂದಕವನ್ನು ಎಷ್ಟು ಕಟ್ಟಿಗೆ ಹೊರೆಯಿಂದ ತುಂಬಬೇಕು, ಏಣಿ ಎಷ್ಟು ಉದ್ದ ಬೇಕು ಅನ್ನುವ ಲೆಕ್ಕವೆಲ್ಲ ಮಳೆಗೆ ಮುಂಚೆ ಮುಗಿಯಬೇಕಿತ್ತು. ಹೊರಗೋಡೆ ಹತ್ತಿದವರಿಗೆ ಒಳಗೆ ಇನ್ನೊಂದು ಕಂದಕ ಎದುರಾಯಿತು. ಕೋಟೆಯ ರಿಪೇರಿ ಕೆಲಸದವರು ಬಿಟ್ಟಿದ್ದ ಸಾರ್ವೆಯೇ ಅವರಿಗೆ ದಾರಿಯಾಯಿತು. ಇದನ್ನು ಹೇಳುವಾಗ ಸಾಹೇಬರು ನನ್ನ ಕಡೆ ನೋಡಿ, 'ಸಂಜೆ ಸೈಟ್ ಮುಚ್ಚುವಾಗ ಏಣಿ, ಸಾರ್ವೆ ಎತ್ತಿಸಿಡಮ್ಮ' ಅಂದರು.

ನನಗೆ ಹಿಡಿಸಿದ್ದು ಇನ್ನೊಂದಿದೆ. ಟಿಪ್ಪು ಪರ, ವಿರೋಧ ಅನ್ನುವ ಜಗಳಕ್ಕೆ ಅವರು ಇಳಿಯುವುದೇ ಇಲ್ಲ. ಗುಂಪಿನಲ್ಲಿ ಒಬ್ಬರು ಎಳೆಯಲು ನೋಡಿದರು. ಸಾಹೇಬರು ಗೋಡೆಯ ದಪ್ಪ ತೋರಿಸಿ, ಇದನ್ನು ಕಟ್ಟಿದ ಕೂಲಿಯವರ ಹೆಸರು ಎಲ್ಲಾದರೂ ಸಿಗುತ್ತದಾ ಹೇಳಿ ಅಂದರು. ಅವರು ಸೇವೆ ಶುರು ಮಾಡಿದ್ದು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ. ಅದೇ ಹಲಸೂರು ಕೆರೆ ಪಕ್ಕದ ಎಂಇಜಿ. ಆ ದಳ ಹುಟ್ಟಿದ್ದು 1780ರಲ್ಲಿ ಮದ್ರಾಸಿನಲ್ಲಿ, ಹೈದರಾಲಿಯ ವಿರುದ್ಧದ ಯುದ್ಧದ ಹೊತ್ತಿಗೆ. ಮೊದಲ ಎರಡು ಕಂಪನಿ ಕಟ್ಟಿದ ಮೂರ್‌ಹೌಸ್ ಎಂಬ ಅಧಿಕಾರಿ ಸತ್ತದ್ದು 1791ರಲ್ಲಿ ಬೆಂಗಳೂರು ಪೇಟೆಯ ಮೇಲಿನ ದಾಳಿಯಲ್ಲಿ. 'ಸೆರಿಂಗಪಟಂ' ಅಂತ ನಮ್ಮ ಶ್ರೀರಂಗಪಟ್ಟಣದ ಹೆಸರು ಆ ದಳದ ಯುದ್ಧ ಗೌರವಗಳಲ್ಲಿ ಸೇರಿದೆ. ನಮ್ಮ ಮಂಡ್ಯದ ಹುಡುಗನೊಬ್ಬ ತನ್ನದೇ ಜಿಲ್ಲೆಯ ಕೋಟೆ ಒಡೆದ ದಳಕ್ಕೆ ಸೇರಿ, ಈಗ ವಾಪಸ್ ಬಂದು ಅದೇ ಕೋಟೆ ತೋರಿಸುತ್ತಿದ್ದಾರೆ. ಆ ಹೆಸರನ್ನು ರೆಜಿಮೆಂಟಿನಲ್ಲಿ ಮೊದಲ ಸಲ ನೋಡಿದಾಗ ಏನನ್ನಿಸಿತು ಸರ್ ಅಂತ ಕೇಳಿದೆ. 'ಹೊಟ್ಟೆಯೊಳಗೆ ಒಂಥರಾ ಆಯ್ತಮ್ಮ. ಯಾರಿಗೂ ಹೇಳಲಿಲ್ಲ' ಅಂದರು.

ದಾರಿಯಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಸಿಗುತ್ತದೆ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಜಾಸ್ತಿ ದೂರ ಸರಿಸಿದ್ದು ನೆನಪಿದೆಯಲ್ಲ? ಇಲ್ಲಿ ಐದೇ ನಿಮಿಷ ನಿಂತೆವು. ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು. ಇಟ್ಟಿಗೆ ಗಾರೆಯ ಕಟ್ಟಡ ಬಿರುಕು ಬಿಡದೆ ಹೇಗೆ ಸರಿಯಿತು ಅನ್ನುವುದು ಎಂಥವರಿಗೂ ಕುತೂಹಲದ ವಿಷಯ.

ಇಡೀ ಬೆಳಿಗ್ಗೆಯ ಅತಿ ಒಳ್ಳೆಯ ಭಾಗ ವೆಲ್ಲೆಸ್ಲಿ ಸೇತುವೆ ಹತ್ತಿರ ಬಂತು. 1804ರ ಸೇತುವೆ. ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ, ಮೇಲೆ ಕಲ್ಲು ಚಪ್ಪಡಿ. ಕಲ್ಲಿನ ತೊಲೆ ಉದ್ದ ಮಾಡಲಾಗುವುದಿಲ್ಲ, ಬಾಗದೆ ಮುರಿಯುತ್ತದೆ. ಹಾಗಾಗಿ ಕಂಬಗಳು ಹತ್ತಿರ ಹತ್ತಿರ. ಕಂಬ ಜಾಸ್ತಿಯಾದಷ್ಟೂ ಪ್ರವಾಹದಲ್ಲಿ ಬರುವ ಮರ, ಪೊದೆ ಸಿಕ್ಕಿಕೊಂಡು ಒತ್ತಡ ಜಾಸ್ತಿ. ಇಲ್ಲಿ ನಿಂತು ಅವರು ಥಾಮಸ್ ಡಿ ಹ್ಯಾವಿಲ್ಯಾಂಡ್ ಎಂಬ ಅಧಿಕಾರಿಯ ಕಥೆ ತೆಗೆದರು. ಇಷ್ಟು ವರ್ಷ ಈ ಊರ ಮೇಲೆ ಓಡಾಡಿದ್ದೇನೆ, ಆ ಹೆಸರು ಕೇಳಿರಲಿಲ್ಲ.

ಅವನು ಮದ್ರಾಸ್ ಎಂಜಿನಿಯರ್ಸ್ ಅಧಿಕಾರಿ. ಇಟ್ಟಿಗೆ ಕಮಾನಿನಲ್ಲೇ ಕಾವೇರಿಗೆ ಸೇತುವೆ ಕಟ್ಟಬಹುದು, ಅಷ್ಟೊಂದು ಕಂಬ ಬೇಡ ಅಂದ. ಅಷ್ಟು ಅಗಲದ ಕಮಾನು ನಿಲ್ಲುವುದಿಲ್ಲ ಅಂದರು. 1808ರಲ್ಲಿ ಶ್ರೀರಂಗಪಟ್ಟಣದ ತನ್ನ ತೋಟದಲ್ಲೇ 112 ಅಡಿ ಅಗಲದ ಒಂದು ಕಮಾನು ಕಟ್ಟಿಬಿಟ್ಟ. ಕೆಳಗೆ ಹೊಳೆಯಿಲ್ಲ, ಮೇಲೆ ರಸ್ತೆಯಿಲ್ಲ. ಬರೀ ಕಮಾನು, ನಿಲ್ಲುತ್ತದೆ ಅಂತ ತೋರಿಸಲು. ಸೇತುವೆಯೇನೋ ಆಗಲಿಲ್ಲ. ಆದರೆ ಆ ಕಮಾನು 1937ರವರೆಗೆ, ನೂರಿಪ್ಪತ್ತೊಂಬತ್ತು ವರ್ಷ ನಿಂತಿತ್ತು. ಸಾಹೇಬರು ಹಳೇ ಫೋಟೋದ ಪ್ರಿಂಟ್ ತೋರಿಸಿದರು. ತೆಳ್ಳಗೆ, ಚಪ್ಪಟೆಯಾಗಿ, ಮರಗಳ ನಡುವೆ ಒಂದು ಬಿಲ್ಲು. 112 ಅಡಿ ಅಂದರೆ 34 ಮೀಟರ್. ಬರೀ ಇಟ್ಟಿಗೆಯಲ್ಲಿ! ನಾನು ಆ ಪ್ರಿಂಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ಇವತ್ತು ನಾವು ಎರಡು ಕಂಬದ ನಡುವೆ ಮೂವತ್ತು ಮೀಟರ್ ಅಂತರ ಅಂದರೆ ಪ್ರಿಸ್ಟ್ರೆಸ್ಡ್ ಗರ್ಡರ್ (ಒಳಗೆ ಉಕ್ಕಿನ ತಂತಿ ಬಿಗಿದ ಕಾಂಕ್ರೀಟ್ ತೊಲೆ), ಕ್ರೇನ್ ಅಂತ ಓಡಾಡುತ್ತೇವೆ.

ಡಿ ಹ್ಯಾವಿಲ್ಯಾಂಡನ ವೃತ್ತಿ ನೇರ ಏಣಿಯಂತೆ ಇರಲಿಲ್ಲ. 1809ರಲ್ಲಿ ಇಲ್ಲಿಯ ಇಂಗ್ಲಿಷ್ ಅಧಿಕಾರಿಗಳೇ ಸರ್ಕಾರದ ವಿರುದ್ಧ ತಿರುಗಿಬಿದ್ದರು. ಅದರಲ್ಲಿ ಸೇರಿಕೊಂಡು ಕೆಲಸ ಕಳೆದುಕೊಂಡ. ಕೆಲವು ವರ್ಷದ ಮೇಲೆ ವಾಪಸ್ ತೆಗೆದುಕೊಂಡರು. ಆಮೇಲೆ ಮದ್ರಾಸಿನಲ್ಲಿ ಸೇಂಟ್ ಆಂಡ್ರ್ಯೂಸ್ ಚರ್ಚ್ ಕಟ್ಟಿದ. ನೆಲ ಕೆಸರು, ನೀರು ಒಸರುತ್ತದೆ. ನಮ್ಮ ದಕ್ಷಿಣದವರು ಬಾವಿಗೆ ಮಣ್ಣಿನ ಬಳೆ ಇಳಿಸುವ ಕ್ರಮ ನೋಡಿ, ಅದೇ ಥರ ಬಾವಿಗಳನ್ನು ಇಳಿಸಿ, ಅವುಗಳ ಮೇಲೆ ಅಡಿಪಾಯ ಹಾಕಿ ದೊಡ್ಡ ಗುಮ್ಮಟ ಏರಿಸಿದ. ಅದು ಈಗಲೂ ನಿಂತಿದೆ. ಊರಿನ ಬಾವಿ ತೋಡುವವರ ಹತ್ತಿರ ಕಲಿಯಲು ನಾಚಿಕೊಳ್ಳದ ಎಂಜಿನಿಯರ್ ಅನ್ನುವುದು ಸಾಹೇಬರ ಮೆಚ್ಚುಗೆ. ನನ್ನದೂ.

ಅಲ್ಲೇ ಮರಳಿನ ಮೇಲೆ ಕಡ್ಡಿಯಲ್ಲಿ ಗೀಚಿ ಬೈಲಿ ಸೇತುವೆ, ಅಂದರೆ ಬಿಡಿ ಉಕ್ಕಿನ ಭಾಗ ಜೋಡಿಸಿ ಬೇಗ ಕಟ್ಟುವ ಸೇತುವೆ, ವಿವರಿಸಿದರು. 2024ರ ಜುಲೈ ಕೊನೆಯಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ ಬೆಂಗಳೂರಿನ ಇದೇ ಎಂಇಜಿಯವರು 190 ಅಡಿಯ ಸೇತುವೆ ಹಾಕಿ ಆಗಸ್ಟ್ 1ರಂದು ಮುಗಿಸಿದರಲ್ಲ, ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. 24 ಟನ್ ತಡೆಯುವ ಸೇತುವೆ. ನಾನು ಆಗ ಸುದ್ದಿ ನೋಡುತ್ತಾ, ಇಷ್ಟು ಬೇಗ ಹೇಗಪ್ಪಾ ಅಂದುಕೊಂಡಿದ್ದೆ. ಒಂದೊಂದು ಪ್ಯಾನಲ್ 10 ಅಡಿ ಉದ್ದ, 5 ಅಡಿ ಎತ್ತರ. ಆರು ಜನ ಹೊತ್ತು ನಡೆಯುವಷ್ಟು ಭಾರ. ಪಿನ್ ಹೊಡೆದು ಒಂದಕ್ಕೊಂದು ಸೇರಿಸುತ್ತಾರೆ. ಇಡೀ ಸೇತುವೆಯನ್ನು ಈ ದಡದಲ್ಲೇ ರೋಲರ್ ಮೇಲೆ ಕಟ್ಟುತ್ತಾ ಮುಂದಕ್ಕೆ ತಳ್ಳುವುದು. ಮುಂದಿನ ತುದಿಗೆ ಬರೀ ಹಗುರವಾದ ಮೂಗು, ಹಿಂದಕ್ಕೆ ಭಾರ. ಮೂಗು ಆಚೆ ದಡ ಮುಟ್ಟುವವರೆಗೆ ಹಿಂಭಾರ ಹಿಡಿದಿರಬೇಕು. ಅಲ್ಲಿ ಮುಂದೆ ನಿಂತು ಕೆಲಸ ಮಾಡಿಸಿದವರಲ್ಲಿ ಮೇಜರ್ ಸೀತಾ ಶೇಳ್ಕೆ ಒಬ್ಬರು. ಗುಂಪಿನಲ್ಲಿದ್ದ ಒಬ್ಬ ಹುಡುಗಿ, ಹೆಣ್ಣುಮಕ್ಕಳಿಗೆ ಸೇನೆಯ ಎಂಜಿನಿಯರ್ ದಳ ಸಿಗುತ್ತದಾ ಅಂತ ಕೇಳುತ್ತಿದ್ದವಳು, ಆ ಹೆಸರು ಬರೆದುಕೊಂಡಳು. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೆಣ್ಣುಮಕ್ಕಳಿಗೂ ಪೂರ್ಣಾವಧಿ ಸೇವೆ, ಕರ್ನಲ್ ಆಗಿ ಯೂನಿಟ್ ನಡೆಸುವ ಅವಕಾಶ ಎರಡೂ ಇವೆ ಅಂತ ಸಾಹೇಬರು ವಿವರವಾಗಿಯೇ ಹೇಳಿದರು. 2022ರಿಂದ ಎನ್‌ಡಿಎಗೂ ಸೇರಬಹುದು.

ಕೊನೆಯ ಮುಕ್ಕಾಲು ಗಂಟೆ ಹೊಳೆಯ ಮೆಟ್ಟಿಲ ಮೇಲೆ ಕೂತು ಮಾತು. ಇಲ್ಲಿ ಒಂದು ಸಲಹೆ: ನೀವಾಗಿ ಕೇಳಿ. ಅವರಾಗಿ ತಮ್ಮ ಬಗ್ಗೆ ಹೇಳುವುದಿಲ್ಲ. ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ಮೂರು ವರ್ಷ, ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ಒಂದು ವರ್ಷ, ಆಮೇಲೆ ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜು ಅಂತ ಒಂದೇ ಉಸಿರಿಗೆ ಮುಗಿಸಲು ಹೊರಟಿದ್ದರು. ನಾನು ಬಿಡಲಿಲ್ಲ. ಲಡಾಖಿನಲ್ಲಿ ಗಡಿ ರಸ್ತೆ ಸಂಸ್ಥೆಯಲ್ಲಿ ಇದ್ದರು ಅಂತ ಗೊತ್ತಾಯಿತು. 'ಸರ್, ಅಲ್ಲಿ ಕಾಂಕ್ರೀಟ್ ಹೇಗೆ ಹಾಕುತ್ತೀರಿ?' ಅಂದೆ.

ಮುಖ ಅರಳಿತು. ನಮ್ಮ ಮಂಡ್ಯದಲ್ಲಿ ಕಾಂಕ್ರೀಟಿಗೆ ಬಿಸಿಲೇ ಶತ್ರು. ಗೋಣಿಚೀಲ ಹಾಸಿ, ನೀರು ಹಾಕಿ ಹಾಕಿ ಕ್ಯೂರಿಂಗ್ ಮಾಡುತ್ತೇವೆ. ಅಲ್ಲಿ ಉಲ್ಟಾ. ಒಳಗಿನ ನೀರು ಹೆಪ್ಪುಗಟ್ಟಿದರೆ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಹಾಗಾಗಿ ನೀರು ಕಾಯಿಸಬೇಕು, ಮರಳು ಜಲ್ಲಿಯನ್ನೂ ಬೆಚ್ಚಗೆ ಮಾಡಬೇಕು, ಹಾಕಿದ ಮೇಲೆ ಟಾರ್ಪಾಲು ಮುಚ್ಚಿ ಶಾಖ ಹಿಡಿದಿಡಬೇಕು. ಕೆಲಸಕ್ಕೆ ಸಿಗುವುದು ಬೇಸಿಗೆಯ ಕೆಲವೇ ತಿಂಗಳು. ಉಳಿದ ಹೊತ್ತು ಹಿಮ ತೆಗೆಯುವ ಕೆಲಸ. ಡೋಜರ್ ಆಪರೇಟರುಗಳ ಹೆಸರು ಒಂದೊಂದಾಗಿ ಹೇಳಿದರು. ಹಿಮ ಸರಿಸುವಾಗ ರಸ್ತೆಯ ಅಂಚು ಎಲ್ಲಿ, ಕಮರಿ ಎಲ್ಲಿ ಅಂತ ಕಾಣುವುದಿಲ್ಲವಂತೆ. ಹೊಸ ತಿರುವಿನಲ್ಲಿ ಮೊದಲ ಸಲ ಡೋಜರ್ ಹೋಗುವಾಗ ತಾವೂ ಪಕ್ಕದಲ್ಲಿ ಹತ್ತಿ ಕೂರುತ್ತಿದ್ದರಂತೆ. ಯಾಕೆ ಸರ್ ಅಂದರೆ, 'ಅವನೊಬ್ಬನನ್ನೇ ಕಳಿಸಿದರೆ ರಾತ್ರಿ ನಿದ್ದೆ ಬರೋಲ್ಲ' ಅಂದರು.

ಎಂಇಎಸ್, ಅಂದರೆ ಮಿಲಿಟರಿ ಎಂಜಿನಿಯರ್ ಸರ್ವೀಸಸ್‌ನಲ್ಲಿ ಕಳೆದ ವರ್ಷಗಳ ಬಗ್ಗೆ ಕೇಳಿದರೆ ಬೇಜಾರು ಮಾಡಿಕೊಳ್ಳಬಹುದು ಅಂದುಕೊಂಡಿದ್ದೆ. ಕ್ವಾರ್ಟರ್ಸ್, ನೀರು, ಕರೆಂಟು, ಸೋರುವ ನಲ್ಲಿ, ಇದೇ ಕೆಲಸವಲ್ಲವೇ ಅಲ್ಲಿ? ಆದರೆ ಅದನ್ನೂ ಅಷ್ಟೇ ಪ್ರೀತಿಯಿಂದ ಹೇಳಿದರು. 'ಅಲ್ಲೂ ಎಂ.ಬಿ. ಬರೀಬೇಕಾ ಸರ್?' ಅಂದೆ. ಎಂ.ಬಿ. ಅಂದರೆ ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ. 'ಎಂ.ಬಿ. ಬರೆಯದೆ ಯಾವ ಊರಲ್ಲಮ್ಮ ಬಿಲ್ ಆಗುತ್ತೆ?' ಅಂತ ನಕ್ಕರು. ಅಳತೆ ಪುಸ್ತಕದಲ್ಲಿ ಸುಳ್ಳು ಬರೆಯದೆ ಇದ್ದದ್ದು ತಮ್ಮ ಸೇವೆಯಲ್ಲಿ ಹೆಮ್ಮೆಪಡುವ ವಿಷಯ ಅಂದರು. ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು. ಸೈಟಿನಲ್ಲಿ ಆ ಪುಸ್ತಕ ಹಿಡಿದು ನಿಂತವರಿಗೆ ಅದರ ಒತ್ತಡ ಗೊತ್ತು.

ಬಡ್ತಿಯ ಬಗ್ಗೆ ಮುಚ್ಚುಮರೆಯಿಲ್ಲ. ಲೆಫ್ಟಿನೆಂಟ್ ಕರ್ನಲ್‌ವರೆಗೆ ಸೇವಾವಧಿಯ ಮೇಲೆ ಬರುತ್ತದೆ. ಅಲ್ಲಿಂದ ಮುಂದೆ ಆಯ್ಕೆ ಮಂಡಳಿ. ಜೊತೆಗೆ ಓದಿದ, ತಮಗಿಂತ ಚೆನ್ನಾಗಿ ಕೆಲಸ ಮಾಡಿದ ಕೆಲವರು ಅಲ್ಲೇ ನಿಂತರು ಅಂತ ಬೇಸರದಿಂದ ಹೇಳಿದರು. ಕರ್ನಲ್ ಆದವರಿಗೆ 54ಕ್ಕೆ ನಿವೃತ್ತಿ, ಬ್ರಿಗೇಡಿಯರಿಗೆ 56ಕ್ಕೆ. ಎಂಜಿನಿಯರ್ ದಳದಿಂದ ಸೇನಾ ಮುಖ್ಯಸ್ಥರಾದ ಮೊದಲಿಗರು ಜನರಲ್ ಮನೋಜ್ ಪಾಂಡೆ, 2022ರಲ್ಲಿ. ಅಷ್ಟು ವರ್ಷ ಕಾಯಬೇಕಾಯಿತು ನೋಡಿ. ನಮ್ಮ ಹುಡುಗನಿಗೆ ಅವರು ಒತ್ತಿ ಹೇಳಿದ್ದು ಮಾತ್ರ ರಾಮ ರಾಘೋಬಾ ರಾಣೆಯವರ ವಿಷಯ. ಕಾರವಾರದ ಚೆಂಡಿಯಾ ಮೂಲದ ಮನೆತನ. 1948ರ ಏಪ್ರಿಲ್ 8ರಿಂದ 11ರವರೆಗೆ, ಗಾಯವಾಗಿದ್ದರೂ, ಜಮ್ಮು-ಕಾಶ್ಮೀರದ ನೌಶೇರಾ–ರಜೌರಿ ದಾರಿಯಲ್ಲಿ ನೆಲಬಾಂಬು ಕಿತ್ತು, ಬಿದ್ದ ಮರ ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಗುಂಡಿನ ಮಳೆಯಲ್ಲಿ ಟ್ಯಾಂಕಿನ ಅಡಿಯಲ್ಲೇ ತೆವಳಿಕೊಂಡು ಮುಂದೆ ಸಾಗಿದರು. ಪರಮವೀರ ಚಕ್ರ ಬಂತು. ಆಗ ಅವರು ಸೆಕೆಂಡ್ ಲೆಫ್ಟಿನೆಂಟ್, ಅಧಿಕಾರಿಯ ಏಣಿಯಲ್ಲಿ ಮೊದಲ ಮೆಟ್ಟಿಲು. ಮನೆಗೆ ಬರುವಾಗ ಹುಡುಗ, 'ಅತ್ತೆ, ಟ್ಯಾಂಕ್ ಕೆಳಗೆ ಎಷ್ಟು ಜಾಗ ಇರುತ್ತೆ?' ಅಂತಲೇ ಕೇಳುತ್ತಿದ್ದ.

ಪರೀಕ್ಷೆಯ ವಿಷಯ ಕೇಳಿದವರಿಗೂ ಉತ್ತರ ಸಿಗುತ್ತದೆ. ಎನ್‌ಡಿಎಗೆ ಬರವಣಿಗೆ 900 ಅಂಕ, ಎಸ್‌ಎಸ್‌ಬಿ ಅನ್ನುವ ಆಯ್ಕೆ ಸಂದರ್ಶನಕ್ಕೆ 900. ಎಸ್‌ಎಸ್‌ಬಿಗೆ ಬಾಯಿಪಾಠ ಮಾಡಿಸುವ ಕಡೆ ಸುಮ್ನೆ ದುಡ್ಡು ಸುರಿಯಬೇಡಿ, ಮಗು ನಾಲ್ಕು ಜನರ ಜೊತೆ ಕೆಲಸ ಮಾಡುವುದು ಕಲಿಯಲಿ ಅಂದರು. ಆದರೆ ಕೋಚಿಂಗ್ ಸಿಗುತ್ತದೆ ಅಂತ ಈ ನಡಿಗೆಗೆ ಹೋಗಬೇಡಿ.

ಕೊರತೆಗಳೂ ಇವೆ. ಕೊಡುವ ಎಂಟು ಪುಟದ ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿದೆ. ಇಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳುವವರು ಅದನ್ನು ಕನ್ನಡದಲ್ಲೂ ಹಾಕಿಸಲೇಬೇಕು. ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೆ ಅದು ಕೈಗೆ ಸಿಗಬೇಕಲ್ವಾ? ಬರೆದುಕೊಡಲು ನಾನೇ ಸಿದ್ಧ ಅಂತ ಹೇಳಿ ಬಂದಿದ್ದೇನೆ. ಇನ್ನೊಂದು, ಅವರು ಬೇಗ ಬೇಗ ನಡೆಯುತ್ತಾರೆ. ಮಂಡಿ ನೋವಿರುವ ಹಿರಿಯರು ಹಿಂದೆ ಉಳಿದು ಅರ್ಧ ಮಾತು ತಪ್ಪಿಸಿಕೊಂಡರು. ಒಂಬತ್ತರ ಮೇಲೆ ನೆರಳು ಕಡಿಮೆ. ನಡುವೆ ಶೌಚಾಲಯಕ್ಕೆ ನಿಲ್ಲಿಸುವ ವ್ಯವಸ್ಥೆ ಇಲ್ಲ. ಹೆಂಗಸರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ತಿಂಡಿ ದುಡ್ಡಿನಲ್ಲಿ ಸೇರಿದೆ. ಇಡ್ಲಿ, ಚಟ್ನಿ, ಕಾಫಿ. ಚಟ್ನಿ ಚೆನ್ನಾಗಿತ್ತು.

ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ದಡದ ಭಾಗ ಕೈಬಿಡುತ್ತಾರೆ. ಆಗ ಹೊಳೆ ಅಳೆಯುವುದೂ ಇಲ್ಲ, ಮರಳಿನ ಮೇಲೆ ಸೇತುವೆ ಗೀಚುವುದೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಹೋಗಿ. ಮೈಸೂರಿನಿಂದ ಬರುವವರು ಬೆಳಗಿನ ಮೊದಲ ಬಸ್ಸುಗಳಲ್ಲೇ ಹೊರಡಿ, ಆರೂವರೆ ಅಂದರೆ ಅವರ ಗಡಿಯಾರದಲ್ಲಿ ಆರೂವರೆಯೇ. ಗಟ್ಟಿ ಅಟ್ಟೆಯ ಬೂಟು, ನೀರಿನ ಬಾಟಲು, ಒಂದು ನೋಟ್‌ಬುಕ್ ಇರಲಿ.